ಗೂಬೆಯ ಮೇಲೆ ಕ್ಯಾಮೆರಾ ಕೂರಿಸುವವರು

ಯಾರದೋ ತಪ್ಪನ್ನು ಇನ್ಯಾರದೋ ತಲೆಗೆ ಕಟ್ಟುವುದಕ್ಕೆ ಕನ್ನಡದಲ್ಲಿ ಗೂಬೆ ಕೂರಿಸುವುದು ಎನ್ನುತ್ತೇವೆ. ಚಳಿಗಾಲದ ಶನಿವಾರ, ಭಾನುವಾರಗಳಲ್ಲಿ ಬಂಗಾರಪೇಟೆ, ಕೆಜಿಎಫ್ ಕಡೆಗೆ ಬಂದಿಳಿಯುವ ಹಕ್ಕಿ ಛಾಯಾಗ್ರಾಹಕರ ಬಾಯಲ್ಲಿ ಈಗ ಇದೇ ಆಟ ನಡೆದಿದೆ. ಗೂಬೆಗೆ ಅಪಾಯ ಯಾರಿಂದ ಎಂದು ಕೇಳಿದರೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ: ಹಳ್ಳಿಯವರ ಮೂಢನಂಬಿಕೆಯಿಂದ. ನಾನು ಈ ಊರಿನವನು. ಪಿಎಚ್‌ಡಿ ಕೆಲಸದ ನಡುವೆ ಬಿಡುವಾದಾಗ ಹಳೆಯ ಬೈನಾಕ್ಯುಲರ್ ಹಿಡಿದು ಬಂಡೆಗುಡ್ಡ ಸುತ್ತುತ್ತೇನೆ. ಆರೇಳು ಚಳಿಗಾಲಗಳಿಂದ ಹಕ್ಕಿಗಳನ್ನೂ ಈ ಅತಿಥಿಗಳನ್ನೂ ಒಟ್ಟಿಗೇ ನೋಡುತ್ತಿದ್ದೇನೆ. ಅವರ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಬಹಳ ಅನುಕೂಲಕರವಾದ ಅರ್ಧಸತ್ಯ.

ಇಲ್ಲಿನ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದದ್ದು ಬೂದುಬಣ್ಣದ ಸೈನೈಡ್ ದಿಬ್ಬಗಳು, ಸುತ್ತ ಕುರುಚಲು, ರಾಗಿ ಹೊಲ, ನೀಲಗಿರಿ ತೋಪು, ಕಲ್ಲು ತೆಗೆದು ಬಿಟ್ಟ ಕ್ವಾರಿ, ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳು. ಸರ್ಕಾರಿ ಕಾಗದದಲ್ಲಿ ಇದರ ಬಹುಪಾಲು ಪಾಳು. ಕೊಂಬಿನ ಗೂಬೆಗೆ ಮಾತ್ರ ಇದೇ ಸಂಸಾರ ಹೂಡುವ ಜಾಗ. ಅದು ಗೂಡು ಕಟ್ಟುವ ಹಕ್ಕಿಯಲ್ಲ. ಬಂಡೆಯ ಅಂಚಿನಲ್ಲೋ ಪೊದೆಯ ಮರೆಯ ಬರಿನೆಲದಲ್ಲೋ ಸ್ವಲ್ಪ ಕೆರೆದು ಮೊಟ್ಟೆ ಇಡುತ್ತದೆ. ಮರಿ ಮಾಡುವ ಕಾಲ ಹೆಚ್ಚಾಗಿ ನವೆಂಬರಿನಿಂದ ಏಪ್ರಿಲ್. ಕಾವು ಕೂರುವುದು ಒಂದು ತಿಂಗಳಿಗೂ ಮೇಲೆ. ನಮ್ಮ ಛಾಯಾಗ್ರಾಹಕರ ಋತುವೂ ಅದೇ. ಆಕಾಶ ತಿಳಿ, ಬೆಳಕು ಮೃದು, ರಜೆಗಳೂ ಸಾಲುಸಾಲು.

ಅವರ ಕೆಲಸ ಹೀಗೆ ನಡೆಯುತ್ತದೆ. ಸಂಜೆ ಮೊಬೈಲಿನಲ್ಲಿ ಕೊಂಬಿನ ಗೂಬೆಯ ಕೂಗು ಹಾಕುತ್ತಾರೆ. ತನ್ನ ಎಲ್ಲೆಯೊಳಗೆ ಇನ್ನೊಂದು ಗೂಬೆ ನುಗ್ಗಿದೆ ಎಂದುಕೊಂಡು ಅದು ಬೇಟೆ ಬಿಟ್ಟು ಹೊರಗೆ ಬಂದು ಕೂರುತ್ತದೆ. ಕಣ್ಣಿಗೆ ಟಾರ್ಚ್ ಬೀಳುತ್ತದೆ. ಹಗಲಾದರೆ ಇನ್ನೂ ಸುಲಭ: ಒಬ್ಬ ಗುಡ್ಡದ ಆ ಕಡೆಯಿಂದ ಹತ್ತುತ್ತಾನೆ, ಈ ಕಡೆ ನಾಲ್ಕು ಜನ ಲೆನ್ಸ್ ಹಿಡಿದು ಹಾರಾಟದ ಚಿತ್ರಕ್ಕೆ ಕಾಯುತ್ತಾರೆ. ಹಗಲಲ್ಲಿ ಎದ್ದ ಗೂಬೆಯನ್ನು ಕಾಗೆ, ಕಾಜಾಣಗಳು ಬೆನ್ನಟ್ಟಿ ಕುಕ್ಕುತ್ತವೆ. ಅದು ಮರಳುವವರೆಗೆ ಮೊಟ್ಟೆ ಬಿಸಿಲಿಗೂ ಮುಂಗುಸಿಗೂ ಬಿಟ್ಟದ್ದು. ಚಿತ್ರ ಸೊಗಸಾಗಿಯೇ ಬರುತ್ತದೆ, ಇಲ್ಲವೆನ್ನಲಾರೆ. ಕಿತ್ತಳೆ ಕಣ್ಣು, ಪೂರ್ತಿ ಬಿಚ್ಚಿದ ರೆಕ್ಕೆ. ಅದನ್ನು ಬಿಚ್ಚಿಸಿದ್ದು ಗಾಬರಿ ಎಂಬುದು ಮಾತ್ರ ಅಡಿಬರಹದಲ್ಲಿ ಇರುವುದಿಲ್ಲ.

ಉತ್ತರದಿಂದ ಬರುವ ಹಕ್ಕಿಗಳ ಪಾಡೂ ಇದೇ. ಸೆಳೆವ ಎಂಬ ಬೇಟೆ ಹಕ್ಕಿಗಳು ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬಂದು ಕೊಯ್ಲಾದ ನಮ್ಮ ಹೊಲಗಳ ಮೇಲೆ ತಗ್ಗಿನಲ್ಲಿ ತೇಲುತ್ತ ಬೇಟೆ ಹುಡುಕುತ್ತವೆ. ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ. ಮೋಟುಗಿವಿ ಗೂಬೆಯೂ ಹೀಗೇ ಬರುವ ಚಳಿಗಾಲದ ನೆಂಟ, ಅದೂ ನೆಲದಲ್ಲೇ ತಂಗುವಂಥದ್ದು. ಸಾವಿರಾರು ಕಿಲೋಮೀಟರ್ ಹಾರಿ ಬಂದದ್ದನ್ನು ಕಾರಿನಲ್ಲಿ ಅಟ್ಟಿಸಿಕೊಂಡು ಹೋಗುವುದಕ್ಕೆ ಹಕ್ಕಿ ವೀಕ್ಷಣೆ ಎಂಬ ಹೆಸರು ಬೇರೆ.

ಜನರಲ್ಲಿ ಜಾಗೃತಿ ಮೂಡಿಸುತ್ತಿದ್ದೇವೆ ಎಂಬುದು ಅವರ ಮೊದಲ ಸಮರ್ಥನೆ. ಟ್ರಾಫಿಕ್ ಸಂಸ್ಥೆಯ 2010ರ ವರದಿಯ ಪ್ರಕಾರ ಭಾರತದ ಸುಮಾರು 30 ಜಾತಿಯ ಗೂಬೆಗಳಲ್ಲಿ 15 ಅಕ್ರಮ ವ್ಯಾಪಾರದಲ್ಲಿದ್ದವು. ಮಾಟಮಂತ್ರದವರಿಗೆ ಬೇಕಾದದ್ದು ತಲೆಯ ಮೇಲೆ ಕೊಂಬಿನಂಥ ಗರಿಯಿರುವ ದೊಡ್ಡ ಗೂಬೆಗಳೇ. ದೀಪಾವಳಿಯ ಹೊತ್ತಿಗೆ ಬೇಡಿಕೆ ಏರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆ ಹಿಡಿಯುವುದು, ಮಾರುವುದು ಅಪರಾಧ. ಇಷ್ಟೆಲ್ಲ ಗೊತ್ತಿದ್ದೂ ಗುಡ್ಡದ ಹೆಸರು, ಕ್ವಾರಿಯ ಗುರುತು, ಹೋಗುವ ದಾರಿ ಎಲ್ಲವನ್ನೂ ಚಿತ್ರದ ಕೆಳಗೆ ಬರೆಯುವುದಾದರೆ ಆ ಜಾಗೃತಿ ಯಾರಿಗೆ? ನಮ್ಮೂರಿನ ಅಜ್ಜಿ ಗೂಬೆ ಕೂಗಿದರೆ ಕೇಡು ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ, ನಿಜ. ಅವಳ ಹೆದರಿಕೆ ಗೂಬೆಯನ್ನು ಅದರ ಪಾಡಿಗೆ ಬಿಟ್ಟಿತ್ತು. ಹಿಡಿಯುವವನಿಗೆ ಬೇಕಾದ ನಕ್ಷೆಯನ್ನು ಬರೆದುಕೊಟ್ಟವಳು ಅವಳಲ್ಲ.

ಎರಡನೆಯದು ನಮ್ಮಂಥ ಸಾಹಿತ್ಯದವರ ಬಾಯಿ ಮುಚ್ಚಿಸುವ ಮಾತು: ತೇಜಸ್ವಿ ಹಕ್ಕಿಗಳ ಫೋಟೊ ತೆಗೆಯಲಿಲ್ಲವೇ? ತೆಗೆದರು. ಆದರೆ ಅವರು ಮೂಡಿಗೆರೆಯ ಕಾಫಿ ತೋಟದಲ್ಲಿ ವರ್ಷಗಟ್ಟಲೆ ಬದುಕಿ, ಅಲ್ಲಿಯ ಹಕ್ಕಿಗಳ ದಿನಚರಿ ಬಲ್ಲವರಾಗಿದ್ದರು. ‘ಕನ್ನಡ ನಾಡಿನ ಹಕ್ಕಿಗಳು’ ಕೈಗೆತ್ತಿಕೊಂಡವರಿಗೆ ಚಿತ್ರದ ಜೊತೆ ಹಕ್ಕಿಯ ಬದುಕೂ ಸಿಗುತ್ತದೆ. ಇವರ ಚಿತ್ರಗಳಡಿಯಲ್ಲಿ ಇರುವುದು ಲೆನ್ಸಿನ ಅಳತೆ, ಶಟರ್ ವೇಗ. ಗೂಬೆ ಏನು ತಿಂದಿತು, ಎಷ್ಟು ಮರಿ ಉಳಿದವು ಎಂದು ಕೇಳಿ ನೋಡಿ, ಮಾತು ಮೆಗಾಪಿಕ್ಸೆಲ್ ಕಡೆಗೆ ತಿರುಗುತ್ತದೆ.

ಇದು ನಮ್ಮೂರಿನದೊಂದೇ ಜಗಳವಲ್ಲ. 2021ರ ಜನವರಿಯಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಒಂದು ಹಿಮಗೂಬೆ ಬಂತು. 1890ರ ನಂತರ ಅಲ್ಲಿ ಕಂಡ ಮೊದಲನೆಯದು. ಸುದ್ದಿ ಹರಡಿದ ಕೂಡಲೇ ಜನ ಮುಗಿಬಿದ್ದರು. ಜಾಗವನ್ನು ಹೀಗೆ ಸಾರಬಹುದೇ ಎಂಬ ಚರ್ಚೆಯೂ ಆಗ ಜೋರಾಯಿತು. ಈ-ಬರ್ಡ್ ಈಗಾಗಲೇ ಕೆಲವು ಸೂಕ್ಷ್ಮ ಜಾತಿಗಳ ನೆಲೆಯನ್ನು ಮುಚ್ಚಿಡುತ್ತದೆ. ಇಲ್ಲಿ ಈ ಮಾತೆತ್ತಿದರೆ ಹೊಟ್ಟೆಕಿಚ್ಚಿನವನು ಎನ್ನುತ್ತಾರೆ. ಅಷ್ಟು ದೊಡ್ಡ ಲೆನ್ಸ್ ನನ್ನಲ್ಲಿಲ್ಲವಲ್ಲ!

ನಾನು ಕೇಳುವುದು ಕ್ಯಾಮೆರಾ ಬಿಸಾಡಿ ಎಂದಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಗೂಬೆಯ ಬಂಡೆ ಹತ್ತಬೇಡಿ. ಕೂಗು ಹಾಕಿ ಕರೆಯಬೇಡಿ. ಟಾರ್ಚ್ ಬೇಡ. ಜಾಗದ ಹೆಸರಿಗೆ ಕೋಲಾರ ಜಿಲ್ಲೆ ಎಂದಷ್ಟೇ ಬರೆದರೆ ಸಾಕು. ಹಕ್ಕಿ ಛಾಯಾಚಿತ್ರ ಸ್ಪರ್ಧೆ ನಡೆಸುವವರು ಮೊಟ್ಟೆ, ಮರಿ ಇರುವ ಚಿತ್ರಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಲಿ. ಬಹುಮಾನವಿಲ್ಲದ ಕಡೆ ಗುಡ್ಡ ಹತ್ತುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ. ಚಳಿಗಾಲದ ಹಕ್ಕಿ ನೋಡಲೇಬೇಕೆನ್ನುವವರು ಬೇತಮಂಗಲದ ಕೆರೆ ಏರಿಯ ಮೇಲೆ ಬೆಳಗ್ಗೆ ಎರಡು ಗಂಟೆ ಸುಮ್ಮನೆ ಕೂರಲಿ. ಬಂಡೆ ಎಲ್ಲಿದೆ ಎಂದು ಕಳೆದ ತಿಂಗಳು ಒಬ್ಬರು ರೈಲು ನಿಲ್ದಾಣದಲ್ಲಿ ಕೇಳಿದರು. ಬಂಗಾರಪೇಟೆಯ ಪಾನಿಪೂರಿ ಸಿಗುವ ಬೀದಿಗೆ ದಾರಿ ತೋರಿಸಿ ಬಂದೆ.