ಪೌರಕಾರ್ಮಿಕರ ಪ್ರಾಣರಕ್ಷಣೆ

ಆಳಂದ, ಅಫಜಲಪುರ, ಜೇವರ್ಗಿಗಳ ಎರೆಸೀಮೆಯಲ್ಲಿ ಹಗೇವಿನ ಸಂಗತಿಯನ್ನು ಅರಿಯದ ಹಿರಿಯರು ಇರಲಾರರು. ಜೋಳದ ಹಗೇವಿನ ಬಾಯಿ ತೆರೆದ ಕೂಡಲೆ ಒಳಗಿಳಿಯುವದೆಂದರೆ ಮೃತ್ಯುವನ್ನು ಕರೆದಂತೆ. ಆದುದರಿಂದ ಬಾಯಿಯನ್ನು ತೆರೆದಿಟ್ಟು, ಗಾಳಿಯಾಡಗೊಟ್ಟು, ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯನನ್ನು ಇಳಿಸುವ ರೂಢಿ ನಮ್ಮ ಒಕ್ಕಲುತನದಲ್ಲಿತ್ತು. ಧಾನ್ಯದ ಕುಣಿಗೆ ತೋರಿದ ಈ ಎಚ್ಚರಿಕೆಯನ್ನು ಶೌಚದ ಗುಂಡಿಗೆ ತೋರಲು ಮಾತ್ರ ನಾವು ಕಲಿಯಲಿಲ್ಲ. ಹಗೇವಿಗೆ ಇಳಿಯುವವನು ನಮ್ಮವನು, ಗುಂಡಿಗೆ ಇಳಿಯುವವನು ಪರಕೀಯನು ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ನಾವು ಸಂಕೋಚವಿಲ್ಲದೆ ಹೇಳುವೆವು.

ಕಾನೂನಿನ ಕೊರತೆಯಂತೂ ಇಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿಯೇ ಮಂತ್ರಿಗಳಾಗಿ ಪಟ್ಟುಹಿಡಿದರು. ಆದರೂ 2010ರಲ್ಲಿ ಸವಣೂರಿನ ಭಂಗಿ ಬಂಧುಗಳು ಪುರಸಭೆಯ ಮುಂದೆ ಮೈಗೆ ಮಲ ಬಳಿದುಕೊಂಡು ತಮ್ಮ ಸಂಕಟವನ್ನು ನಾಡಿಗೆ ತೋರಿಸಬೇಕಾಯಿತು. 2013ರ ಕಾಯಿದೆಯು ರಕ್ಷಣಾಸಾಧನಗಳಿಲ್ಲದೆ ಯಾರನ್ನೂ ಗುಂಡಿಗೆ ಇಳಿಸಕೂಡದೆಂದು ವಿಧಿಸಿತು. ತಪ್ಪಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದ ವರೆಗೆ ಸೆರೆವಾಸ, ಇಲ್ಲವೆ ಎರಡು ಲಕ್ಷ ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ. ಇಷ್ಟಿದ್ದೂ 2021ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಮುಖ್ಯಸ್ಥಳವಾದ ಕಲಬುರಗಿಯಲ್ಲಿಯೇ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಉಸಿರುಕಟ್ಟಿ ಮಡಿದರು. ಇಂಥ ಮರಣಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರದಲ್ಲಿ ಹೇಳಿತು. ಪರಿಹಾರದ ಮಾತು ಬರುವದು ಪ್ರಾಣ ಹೋದ ಮೇಲೆ.

ಪ್ರಾಣ ಉಳಿಸುವದು ಶಿಕ್ಷಣ. ಕೈಚೀಲ, ಬೂಟು, ಮುಖವಸ್ತ್ರಗಳನ್ನು ಹಂಚಿ, ಛಾಯಾಚಿತ್ರ ತೆಗೆಯಿಸಿ, ರಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಶಿಕ್ಷಣವಾಗಲಿಲ್ಲ. ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದುದು, ತಳದಲ್ಲಿ ಕೂಡುವಂಥದು. ಮೊದಲು ಕೊಳೆತ ತತ್ತಿಯ ನಾತ ಮೂಗಿಗೆ ಬಡಿಯುವದು. ವಿಷ ಏರಿದಂತೆ ಮೂಗಿನ ಶಕ್ತಿಯೇ ಉಡುಗಿ ನಾತವೇ ಇಲ್ಲದಂತಾಗುವದು. ನಾತ ಹೋಯಿತೆಂದು ಧೈರ್ಯಗೊಂಡವನು ಅಲ್ಲಿಯೇ ಕುಸಿಯುವನು. ಬಟ್ಟೆಯ ಮುಖವಸ್ತ್ರವು ಧೂಳನ್ನು ತಡೆದೀತು, ವಿಷಗಾಳಿಯನ್ನು ತಡೆಯದು. ಹಗೇವಿನ ಕಂದೀಲೂ ಇಲ್ಲಿ ಕೆಲಸಕ್ಕೆ ಬಾರದು. ಗುಂಡಿಯಲ್ಲಿ ಮಿಥೇನ್ ಇರುವದರಿಂದ ದೀಪ ಇಳಿಬಿಟ್ಟರೆ ಸಿಡಿಯುವ ಭಯವುಂಟು. ಹಿರಿಯರ ಜಾಣ್ಮೆಯೇ ಇಲ್ಲಿ ಹಾದಿ ತಪ್ಪಿಸುವಾಗ ಹೊಸ ವಿದ್ಯೆಯನ್ನು ಕಲಿಸದೆ ಗತಿಯಿಲ್ಲ. ಇನ್ನೊಂದು ಮಾತು: ಬಿದ್ದವನನ್ನು ಎತ್ತಲು ಧಾವಿಸಿ ಇಳಿದವನೂ ಬಹುಮಟ್ಟಿಗೆ ಸಾಯುವನು. ಇಡೀ ಮೈಗೆ ತೊಡುವ ರಕ್ಷಾಪಟ್ಟಿಗೆ ಹಗ್ಗ ಕಟ್ಟಿ ಮೇಲೆ ಇಬ್ಬರು ನಿಂತಿದ್ದರೆ ಇಳಿಯದೆಯೇ ಎಳೆದುಕೊಳ್ಳಬಹುದು. ಇದನ್ನು ಭಾಷಣದಿಂದ ಕಲಿಸಲಾಗದು. ಗುಂಡಿಯ ದಂಡೆಯ ಮೇಲೆ, ಯಂತ್ರವನ್ನೂ ಹಗ್ಗವನ್ನೂ ಕೈಗೆ ಕೊಟ್ಟು, ಕೆಲಸದ ವೇಳೆಯಲ್ಲಿಯೇ, ಪಗಾರ ಕಡಿಯದೆ ಕಲಿಸತಕ್ಕದ್ದು. ಕಲಿಯುವವನ ಮನೆಮಾತು ಕನ್ನಡವಾಗಲಿ, ದಖನಿಯಾಗಲಿ, ಮರಾಠಿಯಾಗಲಿ, ಅವನ ಮಾತಿನಲ್ಲಿಯೇ ಹೇಳತಕ್ಕದ್ದು. ಕನ್ನಡದ ಪತ್ರಿಕೆಯಾದ ನಾವು ಇದನ್ನು ಹೇಳಲು ಹಿಂಜರಿಯುವದಿಲ್ಲ. ಪ್ರಾಣದ ಮುಂದೆ ಭಾಷಾಭಿಮಾನ ಹಟವಾಗಬಾರದು.

ಪಾಠ ಮೊದಲು ಬೇಕಾದುದು ಮುಖ್ಯಾಧಿಕಾರಿ, ಆರೋಗ್ಯ ನಿರೀಕ್ಷಕ, ಗುತ್ತಿಗೆದಾರರಿಗೆ. ಸಾಧನವಿಲ್ಲದಿದ್ದರೆ "ಇಳಿಯಲಾರೆ" ಎನ್ನುವ ಕಾರ್ಮಿಕನಿಗೆ ಮರುದಿನದ ಕೆಲಸ ತಪ್ಪುವದಿಲ್ಲವೆಂಬ ಭರವಸೆಯನ್ನು ಅವರು ಬರಹದಲ್ಲಿ ಕೊಡಲಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಅಂಜಿ ನಮ್ಮ ವಿಭಾಗದ ಸರಕಾರಿ ಕಚೇರಿಗಳು ಬೆಳಗಿನ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ರೂಢಿಯುಂಟು. ಪಂಖದ ಕೆಳಗೆ ಕುಳಿತವರಿಗೆ ಇರುವ ಈ ಮರುಕ, ಗಟಾರದ ಹೂಳೆತ್ತುವವನಿಗೆ ನೀರು, ನೆರಳುಗಳ ರೂಪದಲ್ಲಾದರೂ ತಲುಪಬೇಡವೆ?

ನಾಗರಿಕರೂ ನಿರ್ದೋಷಿಗಳಲ್ಲ. ಎರೆಭೂಮಿಯಲ್ಲಿ ನೀರು ಬೇಗ ಇಂಗದು. ಮಳೆಗಾಲದಲ್ಲಿ ಗುಂಡಿಗಳು ತುಂಬುವವು. ಆಗ ಹೀರುಯಂತ್ರದ ಬಾಡಿಗೆ ಉಳಿಸಲು ಯಾರನ್ನಾದರೂ ಕರೆದು ಬಕೆಟ್ಟು ಕೊಟ್ಟು ಇಳಿಸುವ ಗೃಹಸ್ಥನಿಗೂ ಮೇಲೆ ಹೇಳಿದ ಕಾಯಿದೆಯೇ ಅನ್ವಯಿಸುವದು. 1924ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಮೇಲ್ಜಾತಿಯ ತರುಣರು ಶೌಚಸ್ಥಾನಗಳನ್ನು ತಾವೇ ಶುಚಿ ಮಾಡಿದರೆಂದು ಹೆಮ್ಮೆಪಡುವ ನಾವು, ನಮ್ಮ ಹಿತ್ತಲಿನ ಗುಂಡಿಗೆ ಯಂತ್ರ ತರಿಸುವಷ್ಟಾದರೂ ಮಾಡಬಾರದೆ?

ಚರಂಡಿ, ಶೌಚಗುಂಡಿಗಳ ಕೆಲಸಗಾರರನ್ನು ಗುರುತಿಸಿ ಶಿಕ್ಷಣ, ರಕ್ಷಣಾಸಾಧನ, ಆರೋಗ್ಯವಿಮೆ ಕೊಡಲೆಂದು ಕೇಂದ್ರ ಸರಕಾರವು 2023ರಲ್ಲಿ 'ನಮಸ್ತೆ' ಯೋಜನೆಯನ್ನು ಆರಂಭಿಸಿತು. ಮೂರೂ ಪುರಸಭೆಗಳು ತಮ್ಮಲ್ಲಿ ಹೀಗೆ ಗುರುತಿಸಲ್ಪಟ್ಟವರೆಷ್ಟು, ಗುಂಡಿಯ ದಂಡೆಯ ಮೇಲೆ ನಿಂತು ಕಲಿತವರೆಷ್ಟು ಎಂಬುದನ್ನು ಕಚೇರಿಯ ಫಲಕದ ಮೇಲೆ ಬರೆದು ತೂಗಹಾಕಲಿ. ಹೆಸರು ಬರದೆ ಉಳಿದವರಿಗಾಗಿ ಮೃಗಶಿರಾ ಮಳೆಗಿಂತ ಮೊದಲು ಒಂದು ದಿನವನ್ನು ಗೊತ್ತುಮಾಡಿ ಪ್ರಕಟಿಸಲಿ.