ಬಡತನಕ್ಕೆ ಎರಡು ಅಳತೆಗೋಲು

ಕರ್ನಾಟಕದಲ್ಲಿ ಬಿಪಿಎಲ್ ಪಡಿತರ ಚೀಟಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಅದೇ ಮನೆಯ ಹಿರಿಯರು ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿದರೆ ಆದಾಯ ಮಿತಿ 32 ಸಾವಿರ ರೂಪಾಯಿ. ಪಡಿತರ ಅಂಗಡಿಯಲ್ಲಿ ಬಡವರೆನಿಸಿದವರು ಪಿಂಚಣಿಯ ಕಡತದಲ್ಲಿ ಬಡವರಲ್ಲ!

ಈ 32 ಸಾವಿರವನ್ನು ಸರ್ಕಾರದ್ದೇ ಇನ್ನೊಂದು ಲೆಕ್ಕದೊಡನೆ ಹೋಲಿಸಿ ನೋಡೋಣ. 2025–26ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಒಂಟಿಯಾಗಿ ಬಾಳುವ ವೃದ್ಧ ದಂಪತಿ ಕಾಯ್ದೆ ಭರವಸೆಯಿತ್ತ ನೂರು ದಿನವೂ ದುಡಿದಿದ್ದರೆ ಅವರ ಗಳಿಕೆ 37 ಸಾವಿರ. ಅಂದರೆ, ಬಿಸಿಲಿನಲ್ಲಿ ಮಣ್ಣು ಹೊತ್ತ ತಪ್ಪಿಗೆ ಪಿಂಚಣಿಗೆ ಅನರ್ಹರು.

ವಾಸ್ತವದಲ್ಲಿ ಹೀಗಾಗುವುದು ವಿರಳ. ಏಕೆಂದರೆ ಆದಾಯ ಪ್ರಮಾಣಪತ್ರದಲ್ಲಿ ಇರುವುದು ನಿಜವಾದ ಆದಾಯವಲ್ಲ. ಕೂಲಿಯವರಿಗೆ ಸಂಬಳದ ಚೀಟಿಯಿಲ್ಲ, ಸಣ್ಣ ರೈತರಿಗೆ ಲೆಕ್ಕಪುಸ್ತಕವಿಲ್ಲ. ಯೋಜನೆ ಎಷ್ಟು ಕೇಳುತ್ತದೋ ಅದಕ್ಕಿಂತ ತುಸು ಕಡಿಮೆ ಮೊತ್ತವನ್ನು ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿಗಳು) ಬರೆಯುತ್ತಾರೆ. ಸೇವೆಯಲ್ಲಿದ್ದ ವರ್ಷಗಳಲ್ಲಿ ಇಂಥ ಕಡತಗಳನ್ನು ನಾನು ಬಹಳ ನೋಡಿದ್ದೇನೆ. ಬರೆಯುವವರನ್ನು ದೂಷಿಸಲಾರೆ, ಪಾಲಿಸಲಾಗದ ನಿಯಮ ಅವರ ಕೈಗೆ ವಿವೇಚನೆಯನ್ನು ಕೊಟ್ಟಿದೆ. ಆದರೆ ಆ ವಿವೇಚನೆಯ ಲಾಭ ಪರಿಚಯವುಳ್ಳವರಿಗೆ, ಮಧ್ಯವರ್ತಿಗೆ ಕಾಸು ಕೊಡಬಲ್ಲವರಿಗೆ ಸಿಗುತ್ತದೆ. ಊರಾಚೆಯ ಗುಡಿಸಲಿನ ಒಂಟಿ ಮುದುಕಿ ಅಲ್ಲಿಯವರೆಗೆ ತಲುಪುವುದೇ ಇಲ್ಲ.

ಅರ್ಹರಲ್ಲದವರು ಒಳಸೇರುವುದು, ಅರ್ಹರು ಹೊರಗುಳಿಯುವುದು – ಅರ್ಥಶಾಸ್ತ್ರದಲ್ಲಿ ಇವೆರಡನ್ನೂ ಗುರುತಿಸುವಿಕೆಯ ದೋಷಗಳೆನ್ನುತ್ತಾರೆ. ನಮ್ಮ ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ. ಅನರ್ಹರೊಬ್ಬರಿಗೆ ಪಿಂಚಣಿ ಸಂದರೆ ಬೊಕ್ಕಸಕ್ಕೆ ನಷ್ಟ, ನಿಜ. ಅರ್ಹರಿಗೆ ತಪ್ಪಿದರೆ ಔಷಧಿಯೋ ಊಟವೋ ತಪ್ಪುತ್ತದೆ. ಇವೆರಡೂ ಸಮನಾದ ದೋಷಗಳೆಂದು ನಾನು ಒಪ್ಪಲಾರೆ.

ಬಡತನವನ್ನು ಸಾಬೀತುಪಡಿಸುವ ಹೊರೆಯನ್ನು ಬಡವರ ಮೇಲಿಂದ ಇಳಿಸಬೇಕು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ನನ್ನಂತೆ ನಿವೃತ್ತಿ ವೇತನ ಪಡೆಯುವವರು – ಇವರ ವಿವರ ಸರ್ಕಾರದ ದಾಖಲೆಗಳಲ್ಲೇ ಇದೆ. ಇವರನ್ನು ಬಿಟ್ಟು, ವಯಸ್ಸಾದ ಉಳಿದೆಲ್ಲರಿಗೂ ಪಿಂಚಣಿ ನೀಡಬಹುದು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳ ರದ್ದತಿ ಗದ್ದಲವೆಬ್ಬಿಸಿದಾಗ, ತೆರಿಗೆದಾರರು ಮತ್ತು ಸರ್ಕಾರಿ ನೌಕರರನ್ನುಳಿದು ಬೇರೆಯವರ ಚೀಟಿ ರದ್ದಾಗದೆಂದು ಸರ್ಕಾರವೇ ಹೇಳಬೇಕಾಯಿತು. ಒತ್ತಡದಲ್ಲಿ ಕಂಡುಕೊಂಡ ಆ ಸೂತ್ರವನ್ನು ಪಿಂಚಣಿಗೂ ವಿಸ್ತರಿಸಲಿ.

ಖರ್ಚು ಹೆಚ್ಚುತ್ತದೆ, ಖಂಡಿತ. ಅದರ ಪಾಲನ್ನು ಕೇಂದ್ರವೂ ಹೊರಬೇಕು. ಎಂಬತ್ತು ವರ್ಷ ತುಂಬದ ಹಿರಿಯರಿಗೆ ಅದು ಕೊಡುವ ತಿಂಗಳ ಪಾಲು ಬಹುಕಾಲದಿಂದ 200 ರೂಪಾಯಿಯಲ್ಲೇ ನಿಂತಿದೆ.