ಮನೆಯಲ್ಲಿ ಓದಿಕೊಳ್ಳಿ!

2025ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯ ವಸತಿ ಶಾಲೆಯೊಂದರ ಶೌಚಾಲಯದಲ್ಲಿ ಒಂಬತ್ತನೇ ತರಗತಿಯ ಬಾಲಕಿ ಮಗುವಿಗೆ ಜನ್ಮ ಕೊಟ್ಟಳು. 2024ರ ಜನವರಿಯಲ್ಲಿ ಇಂಥದೇ ಸುದ್ದಿ ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಬಂದಿತ್ತು. ಪೋಕ್ಸೊ ಪ್ರಕರಣ, ಸಿಬ್ಬಂದಿಯ ಅಮಾನತು, ನಾಲ್ಕು ದಿನದ ಗದ್ದಲ. ಇಷ್ಟು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ಎಲ್ಲರೂ ಕೇಳಿದರು. ತನಗೆ ಆಗುತ್ತಿರುವುದನ್ನು ಹೇಳಿಕೊಳ್ಳಲು ಬೇಕಾದ ಮಾತನ್ನು ಆ ಬಾಲಕಿಗೆ ಯಾರಾದರೂ ಕಲಿಸಿದ್ದರೇ? ಅದನ್ನು ಕೇಳಿದವರು ವಿರಳ.

ದುರುಳರಿಗೆ ಶಿಕ್ಷೆಯಾಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆ ಮಾಡಬೇಕಾದ ಕೆಲಸವನ್ನು ಪೊಲೀಸ್ ಠಾಣೆ ಮಾಡಲಾರದು.

ಪುಸ್ತಕದಲ್ಲಿ ಪಾಠವಿಲ್ಲವೆಂದಲ್ಲ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವೇ ಇದೆ. ಅಮೀಬಾ, ಹೈಡ್ರಾ, ಹೂವಿನ ಪರಾಗ ಎಂದು ಸಲೀಸಾಗಿ ಸಾಗುವ ಪಾಠ ಮನುಷ್ಯರ ಚಿತ್ರ ಬಂದೊಡನೆ ಮುಗ್ಗರಿಸುತ್ತದೆ. ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಮೇಷ್ಟ್ರು ಪುಟ ತಿರುವುತ್ತಾರೆ. ಮನೆಯಲ್ಲೋ, ಟಿವಿಯಲ್ಲಿ ಕಾಂಡೋಮ್ ಜಾಹೀರಾತು ಬಂದರೆ ರಿಮೋಟ್‌ಗೆ ತಡಕಾಡುವ ಹಿರಿಯರು. ಕೊನೆಗೆ ಪಾಠ ಹೇಳುವುದು ಮೊಬೈಲು, ಅದೂ ಹಿಂಸೆಯನ್ನೇ ಪ್ರೀತಿಯೆಂದು.

ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಸಂಸ್ಕೃತಿಯ ಹೆಸರಿನಲ್ಲಿ ತಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದು ಎಂಟನೇ ತರಗತಿಯಲ್ಲಿ ಕುಳಿತಿದ್ದ ಎಷ್ಟೋ ಮಂದಿ ಇಂದು ತಾವೇ ತಂದೆತಾಯಿಗಳು. ಮಕ್ಕಳ ಪ್ರಶ್ನೆಗೆ ಅವರ ಬಳಿಯೂ ಉತ್ತರವಿಲ್ಲ. ಇತ್ತ, ರಾಜ್ಯದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 21.4 ಇತ್ತು. ಈ ಅಂಕಿಯಿಂದ ಮಾತ್ರ ನಮ್ಮ ಸಂಸ್ಕೃತಿಗೆ ಮುಜುಗರವಾಗಲಿಲ್ಲ!

ಒಂಬತ್ತನೇ ತರಗತಿಯಿಂದಲೇ ಪೋಕ್ಸೊ ಕಾಯ್ದೆಯ ಅರಿವು ಮೂಡಿಸಿ ಎಂದು ಧಾರವಾಡದ ಹೈಕೋರ್ಟ್ ಪೀಠ 2022ರಲ್ಲೇ ಹೇಳಿತು. 8ರಿಂದ 12ನೇ ತರಗತಿವರೆಗೆ ಲೈಂಗಿಕ ಶಿಕ್ಷಣ ಕೊಡುವುದಾಗಿ ಶಿಕ್ಷಣ ಸಚಿವರು 2025ರ ಮಾರ್ಚ್‌ನಲ್ಲಿ ಪ್ರಕಟಿಸಿದರು. ಹೇಳಿಕೊಡಲು ವೈದ್ಯರು ಬರುತ್ತಾರಂತೆ. ತಾಲ್ಲೂಕು ಆಸ್ಪತ್ರೆಯ ಹೆರಿಗೆಗೇ ವೈದ್ಯರನ್ನು ಕಾಯುವ ಊರುಗಳಲ್ಲಿ ತರಗತಿಗೆ ಎಲ್ಲಿಂದ ಬಂದಾರು? ದಿನವೂ ಮಕ್ಕಳ ಮುಖ ನೋಡುವ ಶಿಕ್ಷಕರಿಗೇ ತರಬೇತಿ ಕೊಡಿ. ಪೋಷಕರು ದೂರು ತಂದಾಗ ಆ ಶಿಕ್ಷಕರ ಬೆನ್ನಿಗೂ ನಿಲ್ಲಿ.

ಈಗ ಅಲ್ಲಲ್ಲಿ ಏನೋ ಒಂದಿಷ್ಟು ನಡೆಯುತ್ತದೆ. ಹುಡುಗಿಯರನ್ನು ಬೇರೆ ಕೊಠಡಿಗೆ ಕರೆದು, ಬಾಗಿಲು ಮುಂದೆ ಮಾಡಿ, ಮುಟ್ಟಿನ ಬಗ್ಗೆ ಅರ್ಧ ಗಂಟೆ ಪಿಸುಮಾತು. ಬೇಡ ಎಂದರೆ ಬೇಡ ಎಂದು ಮೊದಲು ಕಲಿಯಬೇಕಾದ ಹುಡುಗರು ಆ ಹೊತ್ತಿನಲ್ಲಿ ಮೈದಾನದಲ್ಲಿ ಕಬಡ್ಡಿ ಆಡುತ್ತಿರುತ್ತಾರೆ.